ಕೇಳಿ, ಹೇಳ್ತೀನಿ: ಬ್ಲೂಟೂತ್, ವೈಫೈನಲ್ಲಿ ಮಿಷನ್ನುಗಳು ಒಂದನ್ನೊಂದು ಹುಡುಕೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಭಾಗ ಒಂದೇ ವಿಷಯದ ಸುತ್ತ ಇವೆ. ಪಕ್ಕಪಕ್ಕದಲ್ಲೇ ಇರುವ ಎರಡು ಮಿಷನ್ನುಗಳು ತಂತಿ ಇಲ್ಲದೆ ಒಂದರ ಅಡ್ರೆಸ್ ಇನ್ನೊಂದು ಹೇಗೆ ತಿಳಿದುಕೊಳ್ಳುತ್ತವೆ, ಕೆಲವು ಸಲ ಯಾಕೆ ತಿಳಿಯುವುದಿಲ್ಲ ಅಂತ. ಹಳೇ ಲ್ಯಾಪ್‌ಟಾಪ್ ಕೊಳ್ಳುವ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕಂಪ್ಯೂಟರ್ ಸರ್ವೀಸ್ ಅಂಗಡಿ ಇಟ್ಟಿರುವವಳು. ಅದಕ್ಕೂ ಮೊದಲು ಪಾಲಿಟೆಕ್ನಿಕ್ ಒಂದರಲ್ಲಿ ನೆಟ್‌ವರ್ಕ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಪಾಠ ಮಾಡುವ ಚಾಳಿ ಇನ್ನೂ ಬಿಟ್ಟಿಲ್ಲ, ಸಹಿಸಿಕೊಳ್ಳಿ.

ಪ್ರಶ್ನೆ: ಅಕ್ಕಾ, ನಾನು ಡಿಪ್ಲೊಮಾ ಎರಡನೇ ವರ್ಷ ಓದ್ತಿದ್ದೀನಿ. ಮನೆಯಲ್ಲಿ ವೈಫೈ ಇಲ್ಲ. ಅಣ್ಣನ ಆಂಡ್ರಾಯ್ಡ್ ಫೋನಿನಿಂದ ಬ್ಲೂಟೂತ್ ಟೆದರಿಂಗ್ ಹಾಕಿಕೊಂಡು ಲ್ಯಾಪ್‌ಟಾಪಿಗೆ ನೆಟ್ ತಗೋತೀನಿ. ಮೊನ್ನೆ ಸುಮ್ನೆ ಎಆರ್‌ಪಿ ಕಮಾಂಡ್ ಕೊಟ್ಟು ನೋಡಿದೆ. ಫೋನಿನ ಐಪಿ ಎದುರಿಗೆ ಒಂದು ಮ್ಯಾಕ್ ಅಡ್ರೆಸ್ ಬಂತು. ನೋಡಿದರೆ ಅದು ಅಣ್ಣನ ಫೋನಿನ ಬ್ಲೂಟೂತ್ ಅಡ್ರೆಸ್ಸೇ! ಎಆರ್‌ಪಿ ಅಂದರೆ ಈಥರ್ನೆಟ್‌ನದು ಅಂತ ಲ್ಯಾಬಿನಲ್ಲಿ ಹೇಳಿಕೊಟ್ಟಿದ್ದಾರೆ. ಬ್ಲೂಟೂತ್‌ನೊಳಗೆ ಈಥರ್ನೆಟ್ ಎಲ್ಲಿಂದ ಬಂತು?
– ಚಿಂತಾಮಣಿಯ ವಿದ್ಯಾರ್ಥಿನಿ

ಉತ್ತರ: ನೋಡಮ್ಮ, ಎರಡೂ ನಂಬರ್ ಹೋಲಿಸಿ ನೋಡಬೇಕು ಅಂತ ನಿನಗೆ ತೋಚಿತಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿದೆ.

ಮೊದಲು ಎಆರ್‌ಪಿ ಏನು ಮಾಡುತ್ತದೆ ಅಂತ ಬೇರೆ ಓದುಗರಿಗೂ ಹೇಳಿಬಿಡುತ್ತೇನೆ. ಐಪಿ ಅಡ್ರೆಸ್ ನಾವು ಕೊಟ್ಟಿದ್ದು, ಇವತ್ತು ಒಂದು, ನಾಳೆ ಇನ್ನೊಂದು. ಮ್ಯಾಕ್ ಅಡ್ರೆಸ್ ಕಾರ್ಡಿನ ಜೊತೆಗೇ ಫ್ಯಾಕ್ಟರಿಯಿಂದ ಬಂದದ್ದು, 48 ಬಿಟ್. ಪಕ್ಕದ ಮಿಷನ್ನಿಗೆ ಡೇಟಾ ಕಳಿಸಬೇಕಾದರೆ ಕೊನೆಗೆ ಬೇಕಾಗುವುದು ಈ ಎರಡನೆಯದು. ಐಪಿ ಗೊತ್ತು, ಮ್ಯಾಕ್ ಗೊತ್ತಿಲ್ಲ. ಆಗೇನು ಮಾಡುವುದು? ಕೂಗಿ ಕೇಳುವುದು. ಮಂಡಿಯಲ್ಲಿ ಒಬ್ಬ ನಿಂತು "ಈ ಲಾಟ್ ಯಾರ್ದಪ್ಪಾ?" ಅಂತ ಕೂಗುತ್ತಾನೆ. ಎಲ್ಲರ ಕಿವಿಗೂ ಬೀಳುತ್ತದೆ. "ನಂದು" ಅನ್ನುವವನು ಒಬ್ಬನೇ. ಎಆರ್‌ಪಿ ಇಷ್ಟೇ. 1982ರ ನವೆಂಬರ್‌ನಲ್ಲಿ ಡೇವಿಡ್ ಪ್ಲಮ್ಮರ್ ಇದನ್ನು ಆರ್‌ಎಫ್‌ಸಿ 826 ಅನ್ನುವ ದಾಖಲೆಯಲ್ಲಿ ಬರೆದಿಟ್ಟರು. ಅವರ ಮುಂದೆ ಇದ್ದದ್ದು ಈಥರ್ನೆಟ್ ಕೇಬಲ್. ಒಂದೇ ಕೇಬಲ್ಲಿಗೆ ಎಲ್ಲರೂ ಅಂಟಿಕೊಂಡಿದ್ದರಿಂದ ಒಂದು ಸಲ ಕೂಗಿದರೆ ಎಲ್ಲರಿಗೂ ಕೇಳುತ್ತಿತ್ತು. ಕೂಗುವುದಕ್ಕೆ ಖರ್ಚೇ ಇರಲಿಲ್ಲ.

ಈಗ ಬ್ಲೂಟೂತ್‌ಗೆ ಬಾ. ಇಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೂಗುವ ವ್ಯವಸ್ಥೆ ಇಲ್ಲ. ಒಬ್ಬ ಯಜಮಾನ, ಅವನ ಕೈಕೆಳಗೆ ಒಟ್ಟಿಗೆ ಹೆಚ್ಚೆಂದರೆ 7 ಸದಸ್ಯರು. ಇದಕ್ಕೆ ಪಿಕೋನೆಟ್ ಅಂತಾರೆ. ಸದಸ್ಯರು ಮಾತಾಡುವುದು ಯಜಮಾನನ ಜೊತೆ ಮಾತ್ರ, ತಮ್ಮ ತಮ್ಮಲ್ಲಿ ಅಲ್ಲ. ಅಷ್ಟೇ ಅಲ್ಲ, 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತಾ ಮಾತಾಡುತ್ತಾರೆ. ಹೊರಗಿನವರು ನುಗ್ಗಿ ಕೂಗಿದರೆ ಕೇಳಿಸಿಕೊಳ್ಳುವವರೇ ಇಲ್ಲ.

ಆದರೆ ನಿನ್ನ ಲ್ಯಾಪ್‌ಟಾಪಿನ ಐಪಿ ಸಾಫ್ಟ್‌ವೇರ್‌ಗೆ ಇದೆಲ್ಲ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈಥರ್ನೆಟ್ ಒಂದೇ. ಅದಕ್ಕಾಗಿ ಬ್ಲೂಟೂತ್‌ನವರು ನಡುವೆ ಒಂದು ಪದರ ಇಟ್ಟರು. ಹೆಸರು ಬಿಎನ್‌ಇಪಿ, ಪೂರ್ತಿ ಹೇಳಿದರೆ ಬ್ಲೂಟೂತ್ ನೆಟ್‌ವರ್ಕ್ ಎನ್‌ಕ್ಯಾಪ್ಸುಲೇಷನ್ ಪ್ರೊಟೊಕಾಲ್. ಇದರ ಕೆಲಸ ಮೇಲಿನವರಿಗೆ "ನಾನೂ ಈಥರ್ನೆಟ್ ಕಾರ್ಡೇ" ಅಂತ ನಂಬಿಸುವುದು. ಇಲ್ಲಿ ಒಂದು ಅನುಕೂಲ ಇತ್ತು. ಬ್ಲೂಟೂತ್ ಅಡ್ರೆಸ್ಸೂ 48 ಬಿಟ್. ಅದರ ಮೊದಲ ಭಾಗವನ್ನು ಕಂಪನಿಗಳಿಗೆ ಹಂಚುವುದೂ ಮ್ಯಾಕ್ ಅಡ್ರೆಸ್ ಹಂಚುವ ಐಇಇಇ ಸಂಸ್ಥೆಯೇ. ಅಳತೆ ಸರಿಹೊಂದಿತು. ಬ್ಲೂಟೂತ್ ಅಡ್ರೆಸ್ಸನ್ನೇ ಎತ್ತಿ ಮ್ಯಾಕ್ ಅಡ್ರೆಸ್ಸಿನ ಜಾಗದಲ್ಲಿ ಇಟ್ಟರು. ನಿನಗೆ ಕಂಡದ್ದು ಅದೇ.

ನಡೆಯುವ ಕ್ರಮ ಹೀಗೆ. ಪೇರಿಂಗ್ ಮಾಡುವಾಗ, ಅಂದರೆ ಐಪಿ ಸುದ್ದಿ ಬರುವುದಕ್ಕಿಂತ ಎಷ್ಟೋ ಮೊದಲೇ, ಲ್ಯಾಪ್‌ಟಾಪಿಗೆ ಅಣ್ಣನ ಫೋನಿನ ಬ್ಲೂಟೂತ್ ಅಡ್ರೆಸ್ ಸಿಕ್ಕಿರುತ್ತದೆ. ಆಮೇಲೆ ಆ ಕನೆಕ್ಷನ್ ಮೇಲೆ ಬಿಎನ್‌ಇಪಿ ಕೂರುತ್ತದೆ. ಫೋನು ನೆಟ್‌ವರ್ಕ್ ಹಂಚುವವನ ಪಾತ್ರ, ಲ್ಯಾಪ್‌ಟಾಪ್ ಪಡೆಯುವವನ ಪಾತ್ರ ವಹಿಸುತ್ತವೆ. ಆಮೇಲೆ ಡಿಎಚ್‌ಸಿಪಿ ಐಪಿ ಕೊಡುತ್ತದೆ. ಹಳೇ ಆಂಡ್ರಾಯ್ಡ್ ಆಗಿದ್ದರೆ ಬ್ಲೂಟೂತ್ ಟೆದರಿಂಗ್‌ನಲ್ಲಿ ಫೋನು 192.168.44.1 ಆಗಿರುತ್ತಿತ್ತು. ಇಷ್ಟಾದ ಮೇಲೆ ಲ್ಯಾಪ್‌ಟಾಪ್ ಎಂದಿನಂತೆ "192.168.44.1 ಯಾರು?" ಅಂತ ಕೂಗುತ್ತದೆ. ಗಾಳಿಯಲ್ಲಿ ಅದು ಕೂಗೇ ಅಲ್ಲ, ಫೋನಿಗೆ ನೇರ ಹೋಗುವ ಒಂದು ಪ್ಯಾಕೆಟ್. ಬೇರೆ ಸದಸ್ಯರೂ ಸೇರಿಕೊಂಡಿದ್ದರೆ ಫೋನು ಅದರ ಪ್ರತಿ ತೆಗೆದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸುತ್ತದೆ.

ಇದನ್ನು ಓದಿದರೆ ನಿನಗೆ ಒಂದು ಅನುಮಾನ ಬರಬೇಕು. ಇರುವವರು ಇಬ್ಬರೇ, ಅಡ್ರೆಸ್ ಆಗಲೇ ಗೊತ್ತು, ಮತ್ತೆ ಯಾಕೆ ಕೇಳುವುದು? ನಿಜ, ಕೇಳಬೇಕಾಗೇ ಇರಲಿಲ್ಲ. ಅಡ್ರೆಸ್ ಗೊತ್ತಿರುವುದು ಕೆಳಗಿನ ಪದರಕ್ಕೆ, ಕೇಳುತ್ತಿರುವುದು ಮೇಲಿನ ಪದರ. ಇವರಿಬ್ಬರಿಗೂ ಮಾತುಕತೆ ಇಲ್ಲ. ಬಿಎನ್‌ಇಪಿ ಬರೆದವರು ತಮ್ಮ ಕೈಲಾದಷ್ಟು ಉಳಿತಾಯ ಮಾಡಿದ್ದಾರೆ. ಈಥರ್ನೆಟ್ ಹೆಡರ್, ಅಂದರೆ ಪ್ಯಾಕೆಟ್ ಮೇಲೆ ಅಂಟಿಸುವ ವಿಳಾಸ ಚೀಟಿ, 14 ಬೈಟ್, ಅದರಲ್ಲಿ ಕಳಿಸುವವನ ಮತ್ತು ಪಡೆಯುವವನ ಅಡ್ರೆಸ್ಸೇ 12 ಬೈಟ್. ಇಬ್ಬರೂ ಕನೆಕ್ಷನ್ನಿನ ಎರಡು ತುದಿಯವರೇ ಆದರೆ ಆ 12 ಬೈಟನ್ನು ಬಿಟ್ಟೇ ಕಳಿಸಬಹುದು. ಫೋನು ಕೊಡುವ ಉತ್ತರ ಹಾಗೇ ಹೋಗುತ್ತದೆ. ಲ್ಯಾಪ್‌ಟಾಪಿನ ಪ್ರಶ್ನೆಯಲ್ಲಿ ಕಳಿಸುವವನ ಅಡ್ರೆಸ್ ಬಿಡಬಹುದು, ಪಡೆಯುವವನದು ಬಿಡುವ ಹಾಗಿಲ್ಲ, ಯಾಕೆಂದರೆ ಅಲ್ಲಿರುವುದು ಫೋನಿನ ಅಡ್ರೆಸ್ ಅಲ್ಲ, "ಎಲ್ಲರಿಗೂ" ಅನ್ನುವ ಅಡ್ರೆಸ್. ತಮಾಷೆ ಏನೆಂದರೆ, ಹೊರಗಿನ ಹೆಡರ್‌ನಲ್ಲಿ ಬಿಟ್ಟ ಅಡ್ರೆಸ್ಸು ಒಳಗಿನ 28 ಬೈಟ್ ಎಆರ್‌ಪಿ ಸಂದೇಶದಲ್ಲಿ ಮತ್ತೆ ಬರೆದೇ ಇರುತ್ತದೆ.

ಲಿನಕ್ಸ್ ಇದ್ದರೆ ಐಪಿ ನೇಬರ್ ಕಮಾಂಡ್ ಕೊಟ್ಟು ನೋಡು. ಫೋನಿನ ಸಾಲಿನಲ್ಲಿ ಮೊದಲು ರೀಚಬಲ್ (ಸಿಗುತ್ತಿದೆ) ಅಂತ ಇರುತ್ತದೆ. ನೆಟ್ ಬಳಸದೆ ಸ್ವಲ್ಪ ಹೊತ್ತು ಬಿಟ್ಟರೆ ಸ್ಟೇಲ್ (ಹಳೇ ಮಾಹಿತಿ) ಅಂತ ಆಗುತ್ತದೆ. ಆ ಹೊತ್ತು 15ರಿಂದ 45 ಸೆಕೆಂಡಿನ ನಡುವೆ ಎಷ್ಟಾದರೂ ಇರಬಹುದು. ಬೇಕೆಂದೇ ಹಾಗೆ ಇಟ್ಟಿದ್ದಾರೆ, ಎಲ್ಲರೂ ಒಂದೇ ಗಳಿಗೆಗೆ ಕೂಗಬಾರದು ಅಂತ.

ಪ್ರಶ್ನೆ: ಮೇಡಂ, ಮಂಡಿಯಲ್ಲಿ ಬಿಲ್ ಕೊಡೋಕೆ ಕೈಯಲ್ಲಿ ಹಿಡಿಯೋ ಬ್ಲೂಟೂತ್ ಪ್ರಿಂಟರ್ ತಗೊಂಡಿದ್ದೀವಿ. ಟೊಮೇಟೊ ಸೀಸನ್‌ನಲ್ಲಿ ಒಂದು ನಿಮಿಷ ನಿಂತರೂ ಕಷ್ಟ. ಪಕ್ಕದ ಅಂಗಡಿಯವರೂ ಅದೇ ಪ್ರಿಂಟರ್ ತಂದಿದ್ದಾರೆ. ಒಂದೊಂದು ಸಲ ನಮ್ಮ ಬಿಲ್ ಅಲ್ಲಿ ಬರುತ್ತೆ. ಪ್ರಿಂಟರ್‌ಗೆ ಬೇರೆ ಐಪಿ ಅಡ್ರೆಸ್ ಹಾಕಿ ಅಂತ ಹುಡುಗ ಹೇಳ್ತಾನೆ. ಎಲ್ಲಿ ಹಾಕೋದು?
– ಕೋಲಾರದ ಮಂಡಿ ಮಾಲೀಕರು

ಉತ್ತರ: ಎಲ್ಲೂ ಹಾಕಬೇಡಿ ಸಾರ್, ಆ ಪ್ರಿಂಟರ್‌ಗೆ ಐಪಿ ಅಡ್ರೆಸ್ಸೇ ಇಲ್ಲ. ಚಿಂತಾಮಣಿ ಹುಡುಗಿಗೆ ಹೇಳಿದ ಕಥೆ ಇಲ್ಲಿ ನಡೆಯುವುದಿಲ್ಲ. ಇಂಥ ಪ್ರಿಂಟರ್‌ಗಳು ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಪ್ರೊಫೈಲ್ ಮೇಲೆ ಓಡುತ್ತವೆ. ಹಳೇ ಕಾಲದ ಸೀರಿಯಲ್ ಕೇಬಲ್ಲನ್ನು ಗಾಳಿಯಲ್ಲಿ ಎಳೆದ ಹಾಗೆ ನಡೆಯುವ ಕೆಲಸ ಅದು. ಫೋನಿಗೆ ಬೇಕಾಗುವುದು ಎರಡೇ ಸಂಗತಿ: ಪ್ರಿಂಟರ್‌ನ ಬ್ಲೂಟೂತ್ ಅಡ್ರೆಸ್ ಮತ್ತು ಚಾನೆಲ್ ನಂಬರ್. ಚಾನೆಲ್ ನಂಬರ್ 1ರಿಂದ 30ರೊಳಗೆ ಒಂದು ಇರುತ್ತದೆ. ಅದನ್ನು ಫೋನು ತಾನೇ ಪ್ರಿಂಟರ್ ಹತ್ತಿರ ಕೇಳಿ ತಿಳಿದುಕೊಳ್ಳುತ್ತದೆ.

ನಿಮ್ಮ ತೊಂದರೆ ಹೆಸರಿನದು. ಒಂದೇ ಮಾಡೆಲ್ ಆದ್ದರಿಂದ ಎರಡೂ ಒಂದೇ ಹೆಸರಲ್ಲಿ ಕಾಣುತ್ತವೆ. ಪಿನ್ನೂ 0000 ಅಥವಾ 1234, ಎರಡಕ್ಕೂ ಒಂದೇ. ಹುಡುಗ ಅವಸರದಲ್ಲಿ ಎರಡನ್ನೂ ಪೇರ್ ಮಾಡಿಟ್ಟಿದ್ದಾನೆ ಅಂತ ಕಾಣುತ್ತದೆ. ಮಂಡಿ ಖಾಲಿ ಇರುವಾಗ ಪಕ್ಕದವರ ಪ್ರಿಂಟರ್ ಆಫ್ ಮಾಡಿಸಿ. ನಿಮ್ಮ ಫೋನಿನಲ್ಲಿ ಆ ಹೆಸರಿನವನ್ನೆಲ್ಲ ಅನ್‌ಪೇರ್ ಮಾಡಿ, ನಿಮ್ಮದೊಂದನ್ನೇ ಮತ್ತೆ ಪೇರ್ ಮಾಡಿ. ಪ್ರಿಂಟರ್‌ನ ಸೆಲ್ಫ್ ಟೆಸ್ಟ್ ಚೀಟಿ ತೆಗೆದರೆ ಎಷ್ಟೋ ಮಾಡೆಲ್‌ಗಳಲ್ಲಿ ಬ್ಲೂಟೂತ್ ಅಡ್ರೆಸ್ ಅದರಲ್ಲೇ ಬರುತ್ತದೆ. ಕೊನೇ ನಾಲ್ಕು ಅಕ್ಷರ ಮಾರ್ಕರ್‌ನಲ್ಲಿ ಪ್ರಿಂಟರ್ ಬೆನ್ನ ಮೇಲೆ ಬರೆದಿಡಿ. ಬಿಲ್ಲಿಂಗ್ ಆ್ಯಪ್‌ನಲ್ಲಿ ಪ್ರಿಂಟರ್ ಆರಿಸುವಾಗ ಅದನ್ನೇ ನೋಡಿ ಆರಿಸಲಿ. ಹುಡುಗನಿಗೆ ಬೈಯಬೇಡಿ, ಆಫೀಸ್ ಪ್ರಿಂಟರ್ ಕಂಡವರು ಯಾರಾದರೂ ಹಾಗೇ ಯೋಚನೆ ಮಾಡುತ್ತಾರೆ.

ಪ್ರಶ್ನೆ: ನಮ್ಮದು ಜೆರಾಕ್ಸ್ ಅಂಗಡಿ. ವೈಫೈ ಪ್ರಿಂಟರ್ ಇದೆ. ರೂಟರ್‌ಗೆ ಕೇಬಲ್ ಹಾಕಿರೋ ಕಂಪ್ಯೂಟರ್‌ನಿಂದ ಚೆನ್ನಾಗಿ ಪ್ರಿಂಟ್ ಆಗುತ್ತೆ. ಗಿರಾಕಿಗಳ ಫೋನಿನಿಂದ, ನನ್ನ ಫೋನಿನಿಂದಲೂ, ಪ್ರಿಂಟರ್ ಕಾಣೋದೇ ಇಲ್ಲ. ಎಲ್ಲಾ ಒಂದೇ ವೈಫೈ. ಪ್ರಿಂಟರ್ ಹಾಳಾಗಿದೆ, ಹೊಸದು ತಗೊಳ್ಳಿ ಅಂತ ಒಬ್ಬರು ಹೇಳಿದರು.
– ಗೌರಿಬಿದನೂರು

ಉತ್ತರ: ತಗೋಬೇಡಿ. ಕೇಬಲ್ ಕಂಪ್ಯೂಟರ್‌ನಿಂದ ಬರುತ್ತಿದೆ ಅಂದ ಮೇಲೆ ಪ್ರಿಂಟರ್ ಚೆನ್ನಾಗಿಯೇ ಇದೆ.

ಫೋನಿನಿಂದ ಪ್ರಿಂಟ್ ಕೊಡುವಾಗ ಎರಡು ಸಲ ಕೂಗು ಹಾಕಬೇಕಾಗುತ್ತದೆ. ಮೊದಲನೆಯದು "ಇಲ್ಲಿ ಪ್ರಿಂಟರ್ ಯಾವುದಿದೆ, ಅದರ ಐಪಿ ಏನು?" ಅಂತ. ಇದು ಎಂಡಿಎನ್ಎಸ್ ಕೆಲಸ, 224.0.0.251 ಅನ್ನುವ ಗುಂಪು ಅಡ್ರೆಸ್ಸಿಗೆ, 5353ನೇ ಪೋರ್ಟಿಗೆ ಹೋಗುತ್ತದೆ. ಎರಡನೆಯದು "ಆ ಐಪಿಯ ಮ್ಯಾಕ್ ಯಾವುದು?" ಅಂತ, ಇದು ಎಆರ್‌ಪಿ. ಎರಡರಲ್ಲಿ ಯಾವುದು ಪ್ರಿಂಟರ್‌ಗೆ ಮುಟ್ಟದಿದ್ದರೂ ಕೆಲಸ ನಿಂತಿತು.

ವೈಫೈನಲ್ಲೂ ಫೋನು ನೇರವಾಗಿ ಎಲ್ಲರಿಗೂ ಕೂಗುವುದಿಲ್ಲ. ಮೊದಲು ರೂಟರ್‌ಗೆ ಕೊಡುತ್ತದೆ. ರೂಟರ್ "ಬಂತು" ಅಂತ ರಸೀದಿ ಕೊಡುತ್ತದೆ. ಆಮೇಲೆ ರೂಟರ್ ಅದನ್ನು ಎಲ್ಲರಿಗೂ ಹರಡುತ್ತದೆ, ಅದೂ ಕಡಿಮೆ ಸ್ಪೀಡಿನಲ್ಲಿ, ದೂರದವರಿಗೂ ಕೇಳಲಿ ಅಂತ. ಈ ಎರಡನೇ ಹಂತಕ್ಕೆ ರಸೀದಿ ಇಲ್ಲ. ಯಾರಿಗಾದರೂ ಕೇಳದೆ ಹೋದರೆ ರೂಟರ್‌ಗೆ ಗೊತ್ತೇ ಆಗುವುದಿಲ್ಲ. ಜೊತೆಗೆ, ಬ್ಯಾಟರಿ ಅಥವಾ ಕರೆಂಟ್ ಉಳಿಸಲು ಮಲಗಿರುವ ಮಿಷನ್ನುಗಳು ರೂಟರ್‌ನ ಬೀಕನ್‌ಗೆ ಮಾತ್ರ ಎದ್ದು ಕಿವಿ ಕೊಡುತ್ತವೆ. ಬೀಕನ್ ಅಂದರೆ ಸಾಮಾನ್ಯವಾಗಿ ಸುಮಾರು 102 ಮಿಲಿಸೆಕೆಂಡಿಗೊಂದು ಬರುವ ಹಾಜರಿ ಸಂದೇಶ. ಅದರಲ್ಲೂ ಕೆಲವು ಬೀಕನ್ ಆದ ಮೇಲೆ ಮಾತ್ರ ಎಲ್ಲರಿಗೂ ಸೇರಿದ ಸಂದೇಶ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಏಳದ ಪ್ರಿಂಟರ್‌ಗೆ ಕೂಗು ತಪ್ಪಿ ಹೋಗುತ್ತದೆ. "ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗುತ್ತೆ" ಅನ್ನುವ ನಮ್ಮ ವೃತ್ತಿಯ ಮಹಾಮಂತ್ರಕ್ಕೆ ಇದೂ ಒಂದು ಕಾರಣ.

ನಿಮ್ಮಲ್ಲಿ ಆಗಿರುವುದು ಇದಲ್ಲ. ಒಂದೊಂದು ಸಲ ಕಾಣಿಸಿ ಒಂದೊಂದು ಸಲ ಕಾಣದಿದ್ದರೆ ಇದು ಅನ್ನುತ್ತಿದ್ದೆ. ನಿಮಗೆ ಯಾವತ್ತೂ ಕಾಣುವುದಿಲ್ಲ, ಕೇಬಲ್‌ನಿಂದ ಯಾವತ್ತೂ ಬರುತ್ತದೆ. ಹಾಗಿದ್ದರೆ ನಾನು ಮೊದಲು ನೋಡುವುದು ರೂಟರ್‌ನ ಎಪಿ ಐಸೊಲೇಷನ್ ಸೆಟ್ಟಿಂಗ್. ಕ್ಲೈಂಟ್ ಐಸೊಲೇಷನ್ ಅಂತಲೂ ಬರೆದಿರುತ್ತದೆ. ಅದು ಆನ್ ಇದ್ದರೆ ವೈಫೈನಲ್ಲಿರುವ ಒಬ್ಬರ ಮಾತು ವೈಫೈನ ಇನ್ನೊಬ್ಬರಿಗೆ ಹೋಗದ ಹಾಗೆ ರೂಟರ್ ತಡೆಯುತ್ತದೆ. ಇಂಟರ್ನೆಟ್ ಬರುತ್ತದೆ, ಪಕ್ಕದವರು ಕಾಣುವುದಿಲ್ಲ. ಕೇಬಲ್ ಕಡೆಯಿಂದ ಬಂದದ್ದನ್ನು ಎಷ್ಟೋ ರೂಟರ್‌ಗಳು ತಡೆಯುವುದಿಲ್ಲ. ನೀವು ಬರೆದಿರುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಗೆಸ್ಟ್ ವೈಫೈ ಆಗಿದ್ದರೂ ಇದೇ ಕಥೆ, ಅಲ್ಲಿ ಸಾಮಾನ್ಯವಾಗಿ ತಡೆ ಹಾಕೇ ಇರುತ್ತಾರೆ.

ಖಚಿತ ಮಾಡಿಕೊಳ್ಳಬೇಕಾದರೆ ವೈಫೈಗೆ ಸೇರಿದ ಒಂದು ಲ್ಯಾಪ್‌ಟಾಪ್ ತನ್ನಿ. ಪ್ರಿಂಟರ್‌ನ ಐಪಿಗೆ ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಕೇಳುವ ಕಮಾಂಡ್ ಕೊಡಿ. ವಿಂಡೋಸ್‌ನಲ್ಲಿ "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಅಂತ ಬಂದು, ಹಾಗೆ ಹೇಳಿದ ಐಪಿ ನಿಮ್ಮ ಲ್ಯಾಪ್‌ಟಾಪಿನದೇ ಆಗಿದ್ದರೆ ಕೂಗಿಗೆ ಉತ್ತರ ಬಂದಿಲ್ಲ ಅಂತ ಅರ್ಥ. ಸುಮ್ಮನೆ "ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ಅಡ್ರೆಸ್ ಸಿಕ್ಕಿರಬಹುದು, ತೊಂದರೆ ಮುಂದೆಲ್ಲೋ ಇದೆ. ಪಿಂಗ್ ಆದ ತಕ್ಷಣ ಎಆರ್‌ಪಿ ಕಮಾಂಡಿಗೆ ಹೈಫನ್ ಎ ಸೇರಿಸಿ ಕೊಟ್ಟು ಪಟ್ಟಿ ನೋಡಿ. ಆ ಐಪಿ ಎದುರಿಗೆ ಒಂದು ಸಲ ಒಂದು ಮ್ಯಾಕ್, ಇನ್ನೊಂದು ಸಲ ಬೇರೆ ಮ್ಯಾಕ್ ಬಂದರೆ ಒಂದೇ ಐಪಿಯನ್ನು ಇಬ್ಬರು ಇಟ್ಟುಕೊಂಡಿದ್ದಾರೆ. ಪ್ರಿಂಟರ್‌ಗೆ ಕೈಯಿಂದ ಐಪಿ ಹಾಕಿ, ರೂಟರ್ ಹಂಚುವ ಸಾಲಿನೊಳಗೇ ಅದನ್ನು ಬಿಟ್ಟವರಿಗೆ ಇದು ತಪ್ಪಿದ್ದಲ್ಲ.

ಗಿರಾಕಿಗಳನ್ನೂ ನಿಮ್ಮ ವೈಫೈಗೇ ಸೇರಿಸುತ್ತಿದ್ದೀರಲ್ಲ, ಅದರ ಬಗ್ಗೆ ಕೊನೇ ಪ್ರಶ್ನೆಗೆ ಕೊಟ್ಟ ಉತ್ತರ ಓದಿ. ತಡೆ ತೆಗೆಯುವ ಮೊದಲು ಓದಿ.

ಪ್ರಶ್ನೆ: ರಾತ್ರಿ ಹತ್ತರ ಮೇಲೆ ಮಗನ ಫೋನಿಗೆ ವೈಫೈ ಬರದ ಹಾಗೆ ರೂಟರ್‌ನಲ್ಲಿ ಮ್ಯಾಕ್ ಅಡ್ರೆಸ್ ಹಾಕಿ ಬ್ಲಾಕ್ ಮಾಡಿದ್ದೆ. ಎರಡು ದಿನ ನಿಂತಿತು. ಈಗ ಮತ್ತೆ ಬರುತ್ತಿದೆ. ಪಟ್ಟಿಯಲ್ಲಿ ಬೇರೆ ಯಾವುದೋ ನಂಬರ್ ಇದೆ. ಮ್ಯಾಕ್ ಅಡ್ರೆಸ್ ಫ್ಯಾಕ್ಟರಿಯಿಂದ ಬಂದದ್ದು, ಬದಲಾಗಲ್ಲ ಅಂತ ನೀವೇ ಬರೆದಿದ್ದಿರಲ್ಲ?
– ತಿಪಟೂರಿನ ಗೃಹಿಣಿ

ಉತ್ತರ: ಕಾರ್ಡಿನೊಳಗಿನ ನಂಬರ್ ಬದಲಾಗಿಲ್ಲ ಅಮ್ಮಾ. ಫೋನು ಹೊರಗೆ ಹೇಳಿಕೊಳ್ಳುವ ನಂಬರ್ ಬದಲಾಗಿದೆ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಒಎಸ್ 14ರಿಂದ ಫೋನುಗಳು ವೈಫೈಗೆ ಸೇರುವಾಗ ತಾವೇ ಹುಟ್ಟಿಸಿಕೊಂಡ ಒಂದು ನಂಬರ್ ಹೇಳುತ್ತವೆ. ಸಾಮಾನ್ಯವಾಗಿ ಒಂದು ವೈಫೈಗೆ ಒಂದು ಅಂತ ಇಟ್ಟುಕೊಳ್ಳುತ್ತವೆ. ಅಂಗಡಿ, ಮಾಲ್, ಬಸ್‌ಸ್ಟ್ಯಾಂಡ್ ಅಂತ ಹೋದಲ್ಲೆಲ್ಲ ಒಂದೇ ನಂಬರ್ ಹಿಡಿದು ನಮ್ಮನ್ನು ಹಿಂಬಾಲಿಸಬಾರದು ಅನ್ನುವುದು ಉದ್ದೇಶ. ಒಳ್ಳೆಯದೇ.

ನಿಮ್ಮ ಮಗ ಮಾಡಿರುವುದು ಇಷ್ಟು: ವೈಫೈ ಹೆಸರಿನ ಪಕ್ಕದ ಸೆಟ್ಟಿಂಗ್‌ಗೆ ಹೋಗಿ, ರ್‍ಯಾಂಡಮ್ ಮ್ಯಾಕ್ ಇದ್ದದ್ದನ್ನು ಫೋನ್ ಮ್ಯಾಕ್ ಅಂತ ಬದಲಿಸಿದ್ದಾನೆ. ನೀವು ಬ್ಲಾಕ್ ಮಾಡಿದ್ದು ಹುಟ್ಟಿಸಿದ ನಂಬರನ್ನು. ಪತ್ತೆ ಹಚ್ಚುವುದು ಸುಲಭ. ಮ್ಯಾಕ್ ಅಡ್ರೆಸ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಫ್ಯಾಕ್ಟರಿಯದಲ್ಲ, ಮಿಷನ್ನು ತಾನೇ ಹುಟ್ಟಿಸಿದ್ದು. ಬ್ಲಾಕ್ ಪಟ್ಟಿ ಬಿಟ್ಟು ಅಲೋ ಪಟ್ಟಿ ಮಾಡಿ, ಗೊತ್ತಿರುವ ನಂಬರ್‌ಗಳಿಗೆ ಮಾತ್ರ ಬಿಡುವ ಹಾಗೆ. ಅಥವಾ ಹತ್ತಕ್ಕೆ ರೂಟರ್ ಸ್ವಿಚ್ ಆಫ್ ಮಾಡಿ. ಮೊಬೈಲ್ ಡೇಟಾಗೆ ನನ್ನ ಹತ್ತಿರ ಉಪಾಯ ಇಲ್ಲ.

ಅವನ ಕೈಯಲ್ಲಿ ಸ್ಮಾರ್ಟ್ ವಾಚ್ ಇದ್ದರೆ ಇದೇ ಆಟದ ಇನ್ನೂ ಜಾಣ ರೂಪ ಅಲ್ಲಿದೆ. ಕಡಿಮೆ ಬ್ಯಾಟರಿ ಬಳಸುವ ಬ್ಲೂಟೂತ್ ಎಲ್‌ಇಯಲ್ಲಿ ಇಂಥ ಅಡ್ರೆಸ್ ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹಾಗಾದರೆ ಪೇರ್ ಆದ ಫೋನು ವಾಚನ್ನು ಹೇಗೆ ಗುರುತು ಹಿಡಿಯುತ್ತದೆ? ಪೇರಿಂಗ್ ಮಾಡುವಾಗ ಒಂದು 128 ಬಿಟ್ ಗುಟ್ಟಿನ ಕೀಲಿಯನ್ನು ಹಂಚಿಕೊಂಡಿರುತ್ತಾರೆ. 48 ಬಿಟ್ ಅಡ್ರೆಸ್‌ನಲ್ಲಿ 24 ಬಿಟ್ ಮನಸ್ಸಿಗೆ ಬಂದ ಅಂಕಿ, ಉಳಿದ 24 ಬಿಟ್ ಆ ಅಂಕಿಯನ್ನು ಕೀಲಿಯ ಜೊತೆ ಲೆಕ್ಕ ಹಾಕಿ ಬಂದ ಉತ್ತರ. ಫೋನು ತನ್ನ ಹತ್ತಿರ ಇರುವ ಕೀಲಿಗಳನ್ನು ಒಂದೊಂದಾಗಿ ಹಾಕಿ ಲೆಕ್ಕ ಮಾಡುತ್ತದೆ. ಉತ್ತರ ಹೊಂದಿದರೆ "ಓ, ಇದು ನಮ್ಮ ವಾಚು". ಇಲ್ಲಿ ಯಾರೂ ಯಾರನ್ನೂ ಕೂಗಿ ಕೇಳುವುದಿಲ್ಲ. ಹೊರಗಿನವರಿಗೆ ಮಾತ್ರ ದಿನಕ್ಕೆ ಹತ್ತಾರು ಬೇರೆ ಬೇರೆ ವಾಚು ಓಡಾಡಿದ ಹಾಗೆ ಕಾಣುತ್ತದೆ.

ಪ್ರಶ್ನೆ: ಹುಳು ಮನೆಗೆ ಉಷ್ಣಾಂಶ, ತೇವಾಂಶ ನೋಡುವ ಸೆನ್ಸರ್ ಹಾಕಿಸಬೇಕು ಅಂತಿದ್ದೇವೆ. ಬ್ಲೂಟೂತ್‌ನವು, ನಾಣ್ಯದಂಥ ಸೆಲ್ ಹಾಕೋವು. ಮಾರಾಟಕ್ಕೆ ಬಂದವರು "ಪ್ರತಿ ಸೆನ್ಸರ್‌ಗೂ ಸ್ವಂತ ಐಪಿವಿ6 ಅಡ್ರೆಸ್ ಇರುತ್ತೆ" ಅಂದರು. ಅಷ್ಟು ಚಿಕ್ಕ ಸೆಲ್‌ನಲ್ಲಿ ಅದೆಲ್ಲ ಹೇಗೆ ನಡೆಯುತ್ತೆ? ಒಂದೇ ವಾರಕ್ಕೆ ಸೆಲ್ ಮುಗಿಯಲ್ವಾ?
– ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಸೆಲ್ ಬಗ್ಗೆ ನೀವು ಕೇಳಿದ್ದು ಸರಿಯಾದ ಜಾಗಕ್ಕೇ ಏಟು.

ಐಪಿ ಅಡ್ರೆಸ್ ಪದ್ಧತಿಯ ಹೊಸ ಆವೃತ್ತಿಯಾದ ಐಪಿವಿ6ನಲ್ಲಿ ಎಆರ್‌ಪಿ ಇಲ್ಲ. ಅದರ ಬದಲು ನೇಬರ್ ಡಿಸ್ಕವರಿ ಇದೆ. ಅದು ಎಲ್ಲರಿಗೂ ಕೂಗುವುದಿಲ್ಲ. ಹುಡುಕುವ ಅಡ್ರೆಸ್‌ನ ಕೊನೇ 24 ಬಿಟ್ ಯಾರದು ಹೊಂದುತ್ತದೋ ಆ ಗುಂಪಿಗೆ ಮಾತ್ರ ಕೇಳುವ ಹಾಗೆ ಕೂಗುತ್ತದೆ. ಸ್ವಲ್ಪ ಸಭ್ಯತೆ ಬಂತು ಅನ್ನಿ. ಆದರೂ ಕೂಗು ಕೂಗೇ. ಯಾವಾಗ ಯಾರು ಕೇಳುತ್ತಾರೋ ಅಂತ ಸೆನ್ಸರ್ ಎದ್ದು ಕೂತಿರಬೇಕಾದರೆ ನೀವು ಹೇಳಿದ ಹಾಗೆ ಸೆಲ್ ಬೇಗ ಮುಗಿಯುತ್ತದೆ. ರೇಡಿಯೋದಲ್ಲಿ ಕೇಳಿಸಿಕೊಳ್ಳುವುದಕ್ಕೂ ಮಾತಾಡಿದಷ್ಟೇ ಖರ್ಚು ಬೀಳುತ್ತದೆ.

ಅದಕ್ಕೇ 2012ರಲ್ಲಿ ಆರ್‌ಎಫ್‌ಸಿ 6775 ಅಂತ ಒಂದು ಹೊಸ ಪದ್ಧತಿ ಬಂತು. ಸೆನ್ಸರ್ ತಾನು ಎದ್ದಾಗ ತಾನೇ ರೂಟರ್ ಹತ್ತಿರ ಹೋಗಿ "ಇದು ನನ್ನ ಐಪಿ, ಇದು ನನ್ನ ಕೆಳಗಿನ ಅಡ್ರೆಸ್, ಇಷ್ಟು ಹೊತ್ತು ಬರೆದಿಟ್ಟುಕೋ" ಅಂತ ನೋಂದಾಯಿಸುತ್ತದೆ. ಹೊತ್ತಿನ ಲೆಕ್ಕ 60 ಸೆಕೆಂಡಿನ ಅಳತೆಯಲ್ಲಿ. ಆ ಅವಧಿ ಮುಗಿಯುವ ಮೊದಲು ಮತ್ತೊಮ್ಮೆ ಹೇಳಿದರೆ ಸಾಕು, ನಡುವೆ ಹಾಯಾಗಿ ಮಲಗಬಹುದು. ಯಾರಾದರೂ ಆ ಸೆನ್ಸರ್ ಎಲ್ಲಿ ಅಂದರೆ ರೂಟರ್ ತನ್ನ ಪಟ್ಟಿ ನೋಡಿ ಕೆಲಸ ಮುಂದುವರಿಸುತ್ತದೆ. ಸೆನ್ಸರನ್ನು ಎಬ್ಬಿಸಿ ಕೇಳುವುದಿಲ್ಲ. 2015ರಲ್ಲಿ ಆರ್‌ಎಫ್‌ಸಿ 7668 ಇದನ್ನೇ ಬ್ಲೂಟೂತ್ ಎಲ್‌ಇಗೆ ತಂದಿತು.

ಅಕ್ಕಪಕ್ಕದ ಮಾತಿಗೆ ಬಳಸುವ ಲಿಂಕ್ ಲೋಕಲ್ ಅಡ್ರೆಸ್‌ಗೆ ನೋಂದಣಿಯೂ ಬೇಡ. 48 ಬಿಟ್ ಬ್ಲೂಟೂತ್ ಅಡ್ರೆಸ್ಸನ್ನು ನಡುವೆ ಸೀಳಿ, ಎಫ್‌ಎಫ್ ಎಫ್‌ಇ ಅನ್ನುವ ಎರಡು ಬೈಟ್ ತೂರಿಸಿದರೆ 64 ಬಿಟ್ ಆಯಿತು. ಐಪಿಯ ಹಿಂಭಾಗಕ್ಕೆ ಅದನ್ನೇ ಇಡುತ್ತಾರೆ. ಐಪಿ ನೋಡಿದವರಿಗೆ ಕೆಳಗಿನ ಅಡ್ರೆಸ್ ಅದರೊಳಗೇ ಕಾಣುತ್ತದೆ. ಕೇಳುವ ಅಗತ್ಯವೇ ಬೀಳದ ಹಾಗೆ ಅಡ್ರೆಸ್ ಕಟ್ಟುವುದು, ಈ ಇಡೀ ವ್ಯವಹಾರದಲ್ಲಿ ನನಗೆ ಮೆಚ್ಚಿಗೆಯಾದ ಭಾಗ ಅದೇ.

ಇನ್ನೊಂದು ಇಕ್ಕಟ್ಟು ಜಾಗದ್ದು. ಐಪಿವಿ6 ಹೆಡರ್ ಒಂದೇ 40 ಬೈಟ್. ಮೊದಲ ಬ್ಲೂಟೂತ್ ಎಲ್‌ಇ ಪ್ಯಾಕೆಟ್ ಒಂದರಲ್ಲಿ ಹಿಡಿಸುತ್ತಿದ್ದದ್ದು 27 ಬೈಟ್. ಬ್ಲೂಟೂತ್ 4.2ರಲ್ಲಿ 251ಕ್ಕೆ ಏರಿಸಿದರು. ಆದರೂ ಎರಡೂ ತುದಿಗೆ ಗೊತ್ತಿರುವ ವಿವರವನ್ನು ಯಾಕೆ ಕಳಿಸಬೇಕು ಅಂತ ಹೆಡರನ್ನು ಹಿಂಡಿ ಕೆಲವೇ ಬೈಟಿಗೆ ಇಳಿಸುತ್ತಾರೆ. ಈ ಹಿಂಡುವ ಪದ್ಧತಿಯ ಹೆಸರು ಸಿಕ್ಸ್‌ಲೋಪ್ಯಾನ್.

ಹಾಗಾಗಿ ಮಾರಾಟದವರು ಹೇಳಿದ್ದು ಸುಳ್ಳಲ್ಲ. ನಿಮಗೆ ಬೇಕಾ ಅನ್ನುವುದು ಬೇರೆ ಮಾತು. ಬೇಡ ಅಂತೀನಿ. ದೊಡ್ಡ ಹುಳುಗಳಿಗೆ 24–25 ಡಿಗ್ರಿ, ಚಾಕಿಗೆ, ಅಂದರೆ ಮರಿ ಹುಳುಗಳಿಗೆ, 27–28 ಡಿಗ್ರಿ ಇದೆಯಾ ಇಲ್ವಾ, ತೇವಾಂಶ ಎಷ್ಟು, ಇಷ್ಟು ತಿಳಿದರೆ ನಿಮ್ಮ ಕೆಲಸ ಆಯಿತಲ್ಲ. ಅದಕ್ಕೆ ಅಡ್ವರ್ಟೈಸಿಂಗ್ ಮಾಡುವ ಸಾದಾ ಎಲ್‌ಇ ಸೆನ್ಸರ್ ಸಾಕು. ಅದು ಯಾರ ಜೊತೆಗೂ ಕನೆಕ್ಟ್ ಆಗುವುದಿಲ್ಲ. ಆಗಾಗ ಎದ್ದು 31 ಬೈಟಿನೊಳಗೆ ಉಷ್ಣಾಂಶ, ತೇವಾಂಶ ಹೇಳಿ ಮಲಗುತ್ತದೆ. 10 ಸೆಕೆಂಡಿಗೊಮ್ಮೆ ಹೇಳುವ ಹಾಗೆ ಇಟ್ಟರೆ ಸೆಲ್ ಸುಲಭಕ್ಕೆ ಮುಗಿಯುವುದಿಲ್ಲ. ಮನೆಯೊಳಗೆ ಹಳೇ ಫೋನೊಂದನ್ನು ಚಾರ್ಜಿಗೆ ಹಾಕಿಟ್ಟರೆ ಅದು ಕೇಳಿಸಿಕೊಂಡು ನಿಮ್ಮ ಫೋನಿಗೆ ದಾಟಿಸುತ್ತದೆ. ಹತ್ತಾರು ಶೆಡ್ ಇದ್ದು, ಪ್ರತಿ ಸೆನ್ಸರ್‌ಗೂ ದೂರದಿಂದ ಮಾತಾಡಿಸಿ ಸೆಟ್ಟಿಂಗ್ ಬದಲಿಸಬೇಕು ಅನ್ನುವವರಿಗೆ ಐಪಿವಿ6 ಸರಿ. ಕೊಳ್ಳುವ ಮೊದಲು ಒಂದು ಮಾತು ಕೇಳಿ: "ಸೆಲ್ ಎಷ್ಟು ತಿಂಗಳು ಬರುತ್ತೆ, ಎಷ್ಟು ಹೊತ್ತಿಗೊಮ್ಮೆ ಕಳಿಸಿದರೆ?" ಅಂತ. ಎರಡನೇ ಭಾಗಕ್ಕೆ ಉತ್ತರ ಬರದಿದ್ದರೆ ಮೊದಲನೆಯದನ್ನು ನಂಬಬೇಡಿ. ಮತ್ತೆ, ಸೊಪ್ಪು ಹಾಕುವ ತಟ್ಟೆಯ ಹತ್ತಿರ ಹುಳು ಇರುವ ಎತ್ತರದಲ್ಲೇ ಸೆನ್ಸರ್ ಕಟ್ಟಿಸಿ, ಚಾವಣಿಗಲ್ಲ. ಇದು ನೆಟ್‌ವರ್ಕ್ ವಿಷಯ ಅಲ್ಲ, ಆದರೂ ಹೇಳಿದೆ.

ಪ್ರಶ್ನೆ: ಹಾಸ್ಟೆಲ್ ವೈಫೈನಲ್ಲಿ ಒಬ್ಬ ಎಆರ್‌ಪಿ ಮೋಸ ಮಾಡಿ ಬೇರೆಯವರ ಡೇಟಾ ನೋಡ್ತಾನೆ ಅಂತ ಸುದ್ದಿ ಇದೆ. ನಿಜವಾಗ್ಲೂ ಆಗುತ್ತಾ?
– ತುಮಕೂರು

ಉತ್ತರ: ಆಗುತ್ತದೆ. 1982ರ ಎಆರ್‌ಪಿಗೆ ಅನುಮಾನ ಪಡುವುದು ಗೊತ್ತಿಲ್ಲ. "ರೂಟರ್ ನಾನೇ" ಅಂತ ಯಾರು ಹೇಳಿದರೂ ನಂಬುತ್ತದೆ. ಎಷ್ಟೋ ಸಲ ಕೇಳದೆ ಬಂದ ಉತ್ತರವನ್ನೂ ನಂಬುತ್ತದೆ. ಆಮೇಲೆ ನಿಮ್ಮ ಡೇಟಾ ಅವನ ಮೂಲಕ ಹಾದು ಹೋಗುತ್ತದೆ. ಎಚ್‌ಟಿಟಿಪಿಎಸ್ ಇರುವ ಸೈಟು, ಬ್ಯಾಂಕ್ ಆ್ಯಪ್‌ಗಳ ಒಳಗಿನದು ಅವನಿಗೆ ಓದಲು ಬರುವುದಿಲ್ಲ. ಯಾವ ಸೈಟಿಗೆ ಹೋದಿರಿ ಅನ್ನುವುದು ಮಾತ್ರ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಎಚ್ಚರಿಸಿದರೆ "ಮುಂದುವರಿಸಿ" ಒತ್ತಬೇಡಿ. ಅಲ್ಲಿ ಒತ್ತಿದವರದೇ ಕಳ್ಳತನ ಆಗುವುದು.

ನೋಡಬೇಕಾದರೆ ಎಆರ್‌ಪಿ ಪಟ್ಟಿ ತೆಗೆಯಿರಿ. ರೂಟರ್‌ನ ಐಪಿ ಎದುರಿಗಿರುವ ಮ್ಯಾಕ್ ಇನ್ನೊಂದು ಐಪಿ ಎದುರಿಗೂ ಇದ್ದರೆ ಆ ಇನ್ನೊಂದು ಐಪಿಯವನ ಮೇಲೆ ಕಣ್ಣಿಡಿ. ಪಟ್ಟಿಯ ಫೋಟೋ ತೆಗೆದು ವಾರ್ಡನ್‌ಗೆ ಕೊಡಿ, ನೀವೇ ಜಗಳಕ್ಕೆ ಹೋಗಬೇಡಿ. ವೈಫೈ ನೋಡಿಕೊಳ್ಳುವವರು ಮಾಡಬೇಕಾದದ್ದು ಮೇಲೆ ಹೇಳಿದ ಎಪಿ ಐಸೊಲೇಷನ್ ಆನ್ ಮಾಡುವುದು. ಒಬ್ಬನ ಸುಳ್ಳು ಇನ್ನೊಬ್ಬರ ಫೋನಿಗೆ ಮುಟ್ಟುವುದು ಬಹಳ ಕಷ್ಟವಾಗುತ್ತದೆ.

ಗೌರಿಬಿದನೂರಿನವರೇ, ಇಲ್ಲಿಗೆ ಬಂದಿರಾ? ನಿಮ್ಮ ರೂಟರ್‌ನಲ್ಲಿ ಎರಡು ವೈಫೈ ಹೆಸರು ಮಾಡಿ. ಪ್ರಿಂಟರ್ ಮತ್ತು ನಿಮ್ಮ ಫೋನು ಇರುವುದಕ್ಕೆ ಮಾತ್ರ ತಡೆ ತೆಗೆಯಿರಿ. ಗಿರಾಕಿಗಳನ್ನು ಗೆಸ್ಟ್‌ಗೆ ಸೇರಿಸಿ, ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ನಿಮ್ಮ ಕಂಪ್ಯೂಟರ್‌ನಿಂದಲೇ ಪ್ರಿಂಟ್ ಕೊಡಿ. ಈಗಲೂ ಬಹಳ ಜನ ಹಾಗೇ ಕಳಿಸುತ್ತಾರೆ, ಅಲ್ವಾ?